ದೇವರ ಪಟದ ಹಿಂದಿನ ನೀಲಿ ವೈರು

ಅಣ್ಣ ತಮ್ಮ ಪಾಲಾಗುವಾಗ ಹೊಲ ಹಂಚಿಕೊಳ್ಳಲಿ, ಮನೆ ಹಂಚಿಕೊಳ್ಳಲಿ, ನನಗೇನು? ಆದರೆ ರಾಮಮೂರ್ತಿ ಮತ್ತು ಉಮಾಶಂಕರ್ ಆಫೀಸನ್ನೂ ಹಂಚಿಕೊಂಡರು. ಹೊಸೂರಿನಲ್ಲಿ ಡೆಂಕಣಿಕೋಟೆ ರಸ್ತೆಯ ಗುಲಾಬಿ ಹೂವಿನ ಕಂಪನಿ ಅವರದು. ಆಳೆತ್ತರಕ್ಕಿಂತ ತುಸು ಮೇಲಕ್ಕೆ ಪ್ಲೈವುಡ್ ಗೋಡೆ ನಿಲ್ಲಿಸಿ ಈ ಕಡೆ ಅಣ್ಣ, ಆ ಕಡೆ ತಮ್ಮ ಕೂತರು. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಪಾಲಾಗದೆ ಉಳಿದದ್ದು ಎರಡೇ. ಒಂದು, ಹಿಂದಿನ ಗೋಡೆಯ ಮೇಲೆ ಇಬ್ಬರಿಗೂ ಕಾಣುವಂತಿದ್ದ ಮನೆದೇವರ ಪಟ. ಇನ್ನೊಂದು ನಾನು, ವನಿತಾ, ಬಿಲ್ಲು ಹಾಕುವವಳು ಮತ್ತು ಕಂಪ್ಯೂಟರ್ ಕೆಟ್ಟರೆ ಬೈಸಿಕೊಳ್ಳುವವಳು.

ಬಿಲ್ಲಿನ ಲೆಕ್ಕವೆಲ್ಲ ಇರುವ ದೊಡ್ಡ ಕಂಪ್ಯೂಟರ್ ಅಣ್ಣನ ಪಾಲಿಗೆ ಹೋಯಿತು, ಪ್ರಿಂಟರ್ ತಮ್ಮನ ಪಾಲಿಗೆ. ಒಂದಿಲ್ಲದೆ ಇನ್ನೊಂದಕ್ಕೆ ಬೆಲೆಯಿಲ್ಲ. ಎರಡೂ ಕಡೆ ವೈರುಗಳು ಬಂದು ಸೇರುವ ಒಂದೊಂದು ಡಬ್ಬಿ ಇತ್ತು. ಆ ಡಬ್ಬಿಯಿಂದ ಈ ಡಬ್ಬಿಗೆ, ಪ್ಲೈವುಡ್ಡಿನ ತೂತಿನಲ್ಲಿ, ಒಂದು ಕಪ್ಪು ವೈರು ಎಳೆದವಳು ನಾನೇ. ಸಿಟ್ಟು ಬಂದಾಗಲೆಲ್ಲ ರಾಮಮೂರ್ತಿ ಅದನ್ನು ಕಿತ್ತು ಹಾಕುವರು. ನಾನು ಸುಮ್ಮನೆ ಹೋಗಿ ಮತ್ತೆ ಚುಚ್ಚುವೆ.

ಆ ಸೋಮವಾರ ಕಪ್ಪು ವೈರು ಇದ್ದಲ್ಲೇ ಇತ್ತು, ಆದರೂ ಎಲ್ಲ ಕಂಪ್ಯೂಟರೂ ಸತ್ತಂತೆ ಬಿದ್ದಿದ್ದವು. ಹೊರಗೆ ಹೂವು ತುಂಬಿದ ಲಾರಿ ಬಿಲ್ಲಿಗಾಗಿ ಕಾಯುತ್ತಿತ್ತು. ವಿಮಾನಕ್ಕೆ ಹೋಗಬೇಕಾದ ಹೂವು.

"ಮಧ್ಯಾಹ್ನದೊಳ್ಗೆ ಸರಿಯಾಗ್ಲಿಲ್ಲಾಂದ್ರೆ ನಾಳೆಯಿಂದ ಬರ್ಬೇಡ ಕಣಮ್ಮಿ," ಅಂದರು ರಾಮಮೂರ್ತಿ. "ಅವ್ನೇ ಏನೋ ಮಾಡವ್ನೆ. ಕಂಡುಹಿಡಿದು ಹೇಳು."

ಗೋಡೆಯಾಚೆಯಿಂದ ಉಮಾಶಂಕರ್ ನನಗೇ ಕೂಗಿದ. "ಯಾರು ಮಾಡವ್ರೆ ಅಂತ ಗೊತ್ತೈತೆ. ನೀನು ಬಾಯಿ ಬಿಟ್ಟು ಹೇಳ್ಲಿಲ್ಲಾಂದ್ರೆ ನಾನೂ ಸಂಬ್ಳ ಕೊಡಾಕಿಲ್ಲ!"

ನನಗೆ ಮೈ ಉರಿಯಿತು. ರಿಪೇರಿ ಯಾರಿಗೂ ಬೇಕಿರಲಿಲ್ಲ, ಕಳ್ಳ ಬೇಕಿತ್ತು. ಆದರೆ ಈ ಕೆಲಸ ಹೋದರೆ ಮತ್ತೆ ಫ್ಯಾಕ್ಟರಿ ಬಸ್ಸು, ಮತ್ತೆ ಊದಿಕೊಂಡ ಕಾಲಲ್ಲಿ ನಿಂತೇ ದುಡಿಯುವುದು. ಹಿಂದೆ ನಾಲ್ಕು ವರ್ಷ ಹಾಗೆ ನಿಂತವಳು ನಾನು. ಸತ್ತರೂ ಅಲ್ಲಿಗೆ ಹೋಗಬಾರದು ಅಂತ ಹಲ್ಲು ಕಚ್ಚಿ ಕೆಲಸಕ್ಕೆ ಕೂತೆ.

ಡಬ್ಬಿಗಳನ್ನು ಆರಿಸಿ ಹಚ್ಚಿದೆ. ಕಪ್ಪು ವೈರು ಬದಲಿಸಿದೆ. ಏನೂ ಆಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಡಬ್ಬಿಯ ಮೇಲಿನ ದೀಪಗಳು. ಬೇರೆ ದಿನ ಒಂದೊಂದಾಗಿ ಮಿಣುಕುತ್ತಿದ್ದವು, ಇವತ್ತು ಎಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಕಪ್ಪುದೊಂದನ್ನು ಬಿಟ್ಟು ಉಳಿದ ವೈರುಗಳನ್ನು ಒಂದೊಂದಾಗಿ ಕಿತ್ತು, ನೋಡಿ, ಮತ್ತೆ ಚುಚ್ಚುತ್ತಾ ಬಂದೆ. ಕೊನೆಯ ತೂತಿನಲ್ಲಿ ನಾನು ಹಾಕದ ಒಂದು ನೀಲಿ ವೈರು ಇತ್ತು. ಅದನ್ನು ಕಿತ್ತ ಕೂಡಲೇ ದೀಪಗಳು ತಣ್ಣಗಾದವು. ನೀಲಿ ವೈರು ಹಿಡಿದು ಮೇಲಕ್ಕೆ ಹೋದರೆ ಅದು ದೇವರ ಪಟದ ಹಿಂದೆ ಹಾದು ಆ ಕಡೆಯ ಡಬ್ಬಿಗೆ ಇಳಿದಿತ್ತು. ಪಟ ಮುಟ್ಟುವ ಧೈರ್ಯ ಅಣ್ಣನಿಗಿಲ್ಲ ಎಂದು ತಮ್ಮನಿಗೆ ಗೊತ್ತಿತ್ತು. ಅಣ್ಣ ಕೀಳಲಾಗದ ತನ್ನದೇ ವೈರೊಂದು ಇರಲಿ ಅಂತ, ಭಾನುವಾರ ಯಾರೂ ಇಲ್ಲದಾಗ ಎಳೆಸಿಕೊಂಡಿರಬೇಕು.

ಎರಡು ಡಬ್ಬಿಯ ನಡುವೆ ಒಂದು ವೈರಿದ್ದರೆ ಮಾತು ಹೋಗುತ್ತೆ, ಬರುತ್ತೆ. ಎರಡಿದ್ದರೆ ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ಸು ಬಂದು, ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತೆ. ಬೇರೆ ಯಾವ ಮಾತಿಗೂ ಜಾಗ ಉಳಿಯುವುದಿಲ್ಲ.

ಗೋಡೆಯಾಚೆ ಪ್ರಿಂಟರ್ ಗುರ್ ಅಂತು. ನನಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಕ್ಕುಬಿಟ್ಟೆ. ಆ ಸದ್ದಿಗೆ ಉಮಾಶಂಕರ್ ಈ ಕಡೆ ನುಗ್ಗಿದ. ನೇತಾಡುತ್ತಿದ್ದ ನೀಲಿ ವೈರು ನೋಡಿ ಮುಖ ಕೆಂಪಾಯಿತು.

"ನನ್ದ್ಯಾಕೆ ಕಿತ್ತೆ?"

"ಯಾವುದಾದ್ರೂ ಒಂದು ಸಾಕು ಸಾರ್. ನಿಮ್ದೇ ಇರ್ಲಿ, ಕಪ್ಪುದನ್ನ ಕೀಳ್ತೀನಿ."

"ಮುಟ್ಟಿದ್ರೆ ನೋಡು!" ರಾಮಮೂರ್ತಿ ಕುರ್ಚಿಯಿಂದೆದ್ದರು. "ಮೊದ್ಲಿಂದ ಇರೋದು ನನ್ ವೈರು. ಅವನ್ದು ಕಿತ್ತು ಬಿಸಾಕು."

ಉಮಾಶಂಕರ್ ನೀಲಿ ವೈರು ತೆಗೆದುಕೊಂಡು ಮತ್ತೆ ತೂತಿಗೆ ಒತ್ತಿದ. ದೀಪಗಳು ಒಟ್ಟಿಗೆ ಕುಣಿದವು. ಗೋಡೆಯಾಚೆ ಪ್ರಿಂಟರಿನ ಸದ್ದು ಅರ್ಧಕ್ಕೇ ನಿಂತಿತು.

"ಅಯ್ಯೋ, ತೆಗೀರಿ ಸಾರ್! ಎರಡೂ ಇದ್ರೆ ಇಬ್ಬರ್ದೂ ನಿಂತೋಗ್ತೈತೆ."

"ನಿಂತೋಗ್ಲಿ," ಅಂದ ಉಮಾಶಂಕರ್.

"ನಿಂತೋಗ್ಲಿ ಬಿಡು," ಅಂದರು ರಾಮಮೂರ್ತಿಯೂ. "ನನ್ ಹೂವು ಬಾಡಿದ್ರೂ ಚಿಂತೆಯಿಲ್ಲ, ಅವನ್ದು ಹೋಗ್ಬಾರ್ದು."

ಲಾರಿ ಡ್ರೈವರ್ ಮುನಿಯಲ್ಲಪ್ಪ ಬಾಗಿಲಲ್ಲಿ ಇಣುಕಿ, "ಎನ್ನಾಮ್ಮಾ, ಬಿಲ್ಲು ಆಯ್ತಾ?" ಅಂದ. ಯಾರೂ ಅವನತ್ತ ತಿರುಗಲಿಲ್ಲ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕಂಪ್ಯೂಟರ್ ಕೆಟ್ಟಿಲ್ಲ, ನಿಮ್ ತಲೆ ಕೆಟ್ಟೈತೆ," ಎಂದೆ, ದನಿ ಎತ್ತಿಯೇ. "ಕಳ್ಳ ಯಾರು ಅಂತ ಕೇಳಿದ್ರಲ್ಲ? ಇಬ್ರೂನೂವೆ! ಒಂದು ವೈರಿಗೆ ಒಪ್ಪೋ ಯೋಗ್ತೆ ಇಲ್ದೋರು ಕಂಪ್ನಿ ಯಾಕೆ ನಡೆಸ್ತೀರಿ?"

ಹೇಳಿಬಿಟ್ಟೆನಲ್ಲ ಅಂತ ಒಮ್ಮೆ ಅನ್ನಿಸಿತು. ಆದರೆ ನಿಜವನ್ನೇ ಹೇಳಿದ್ದೆ, ಅವರಿಗೂ ಅದು ತಿಳಿಯುತ್ತೆ ಅಂದುಕೊಂಡೆ. ಅದು ನನ್ನ ದಡ್ಡತನ.

ರಾಮಮೂರ್ತಿ ನನ್ನನ್ನು ನೋಡಲಿಲ್ಲ. ತಮ್ಮನನ್ನು ನೋಡಿದರು, ನೇರವಾಗಿ ಮುಖಕ್ಕೆ ಮುಖ ಕೊಟ್ಟು.

"ಕೇಳಿಸ್ಕಂಡ್ಯೇನ್ಲಾ ಶಂಕ್ರ? ನಮ್ ಅನ್ನ ತಿಂದು ನಮ್ಮುನ್ನೇ ಬೈತಾವ್ಳೆ."

"ಕೇಳಿಸ್ಕಂಡೆ ಅಣ್ಣ," ಅಂದ ಉಮಾಶಂಕರ್. "ಮೊದ್ಲೇ ಅನ್ಕಂಡಿದ್ದೆ. ನಮ್ಮಿಬ್ರ ಮಧ್ಯೆ ತಂದಿಡ್ತಿರೋಳು ಇವ್ಳೇ. ವೈರು ಕೆಡಿಸಿದ್ದೂ ಇವ್ಳೇ ಇರ್ಬೇಕು."

"ಕಳಿಸ್ಬುಡನಾ?"

"ಈವಾಗ್ಲೇ ಕಳಿಸ್ಬುಡಣ್ಣ."

ನಾನು ಚೀಲ ತೆಗೆದುಕೊಂಡು ಹೊರಗೆ ಬಂದೆ. ಲಾರಿಯ ಪಕ್ಕದಲ್ಲಿ ನಿಂತಾಗ ಒಳಗಿನಿಂದ ಅಣ್ಣ ತಮ್ಮನ ದನಿ ಒಟ್ಟಿಗೇ ಕೇಳುತ್ತಿತ್ತು. ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು. ಪ್ರಿಂಟರಿನ ಸದ್ದು ಕೇಳಲಿಲ್ಲ.