ಕಮಾನು ಯಾವ ಕಡೆ ಇತ್ತು

ನಮ್ಮ ಸ್ಟುಡಿಯೋದ ಗೋಡೆಯ ಮೇಲೆ ಹಳೇ ಅಂಚೆ ಕಚೇರಿಯ ಫೋಟೋ ಇದೆ. ಅಗಲವಾದ ಕಲ್ಲಿನ ಮೆಟ್ಟಿಲು, ಅದರ ಮೇಲೆ ಎದೆ ಸೆಟೆದು ನಿಂತ ನಾಲ್ವರು ಗುಮಾಸ್ತರು, ಮೆಟ್ಟಿಲಿನ ಎಡಕ್ಕೆ ಗಾಡಿಯೇ ಒಳಗೆ ಹೋಗುವಷ್ಟು ದೊಡ್ಡ ಕಮಾನು. ತೆಗೆದವರು ನನ್ನ ಅಜ್ಜ. ಗಾಜಿನ ಪ್ಲೇಟಿನಿಂದ ಅದನ್ನು ಕಾಗದಕ್ಕೆ ಇಳಿಸಿದವರು ಅಪ್ಪ, ಹದಿನೆಂಟನೇ ವಯಸ್ಸಿನಲ್ಲಿ. ಕಟ್ಟಡ ಕೆಡವಿದ ವರ್ಷವೇ ಅದರ ಒಂದು ದೊಡ್ಡ ಪ್ರತಿ ನಗರಸಭೆಯ ಗೋಡೆ ಏರಿತು. ಆಮೇಲೆ ಪುಸ್ತಕ, ಕ್ಯಾಲೆಂಡರು, ನೋಟ್‌ಬುಕ್ಕಿನ ರಟ್ಟು, ಎಲ್ಲಿ ನೋಡಿದರೂ ಅದೇ ಫೋಟೋ. ಯಾರಾದರೂ ಹೊಗಳಿದರೆ ಅಪ್ಪ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಎಂಥ ವಿನಯ ಎಂದು ನಾನು ಬೀಗುತ್ತಿದ್ದೆ.

ಆ ಶುಕ್ರವಾರ ಬೆಳಿಗ್ಗೆ ಟೇಪಣ್ಣ ಬಂದ. ದರ್ಜಿ. ಊಟಕ್ಕೆ ಕೂತಾಗಲೂ ಅಳತೆ ಟೇಪು ಕೊರಳಲ್ಲೇ ಇರುವುದರಿಂದ ಆ ಹೆಸರು. ನಮ್ಮ ರಸ್ತೆಯಲ್ಲಿ ಬ್ಯಾಂಕಿನ ಮುಂದೆ ಹಳೇ ಅಂಚೆ ಕಚೇರಿಯ ಮೂರು ಮೆಟ್ಟಿಲು ಇನ್ನೂ ಉಳಿದಿವೆ. ಆ ಮೆಟ್ಟಿಲ ಬಲಕ್ಕೆ ಒಂದು ಕಮಾನು. ಅದರ ಕೆಳಗೇ ಅವನ ಹೊಲಿಗೆ ಯಂತ್ರ, ಅವನ ಅಪ್ಪನ ಕಾಲದಿಂದ.

"ಅಕ್ಕಾ, ರಸ್ತೆ ಅಗಲ ಮಾಡ್ತಾರಂತೆ. ಕಮಾನು ಹೊಡೀತಾರೆ. ಸೋಮವಾರ ಮೀಟಿಂಗು."

"ಅದು ಅಂಚೆ ಕಚೇರಿ ಕಮಾನಲ್ವಾ? ಹಳೇ ಕಟ್ಟಡ ಮುಟ್ಟೋ ಹಾಗಿಲ್ಲ."

"ಅಂಚೆ ಕಚೇರೀದಲ್ಲ ಅಂತಿದ್ದಾರೆ. ನಗರಸಭೆ ಎಂಜಿನಿಯರು ನಿಮ್ಮ ಫೋಟೋನೇ ತೋರ್ಸಿದ್ರು. ಫೋಟೋದಲ್ಲಿ ಕಮಾನು ಮೆಟ್ಟಿಲಿಗೆ ಎಡಕ್ಕಿದೆ, ನಂದು ಬಲಕ್ಕಿದೆ. ಹಂಗಾಗಿ ನಂದು ಯಾರೋ ಆಮೇಲೆ ಕಟ್ಟಿದ ಗೋಡೆಯಂತೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಎಂಜಿನಿಯರಿಗೆ ಬುದ್ಧಿ ಇದೆಯೇ ಎಂದು ಶುರು ಮಾಡಿದೆ. ಟೇಪಣ್ಣ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಗೋಡೆಯ ಫೋಟೋಕ್ಕೆ ಮೂಗು ತಾಗಿಸಿ ನಿಂತಿದ್ದ.

"ಅಕ್ಕಾ, ಈ ಶರ್ಟು ಹೊಲ್ದವನು ಯಾರು?"

"ನನಗೇನು ಗೊತ್ತು ಮಾರಾಯ! ಈಗ ಅದಾ ಮುಖ್ಯ?"

"ನಾಲ್ಕೂ ಜನಕ್ಕೆ ಜೇಬು ಬಲಗಡೆ ಎದೆ ಮೇಲಿದೆ. ಗುಂಡಿಪಟ್ಟಿನೂ ಉಲ್ಟಾ. ಒಬ್ಬನಾದ್ರೆ ದರ್ಜಿ ಕುಡಿದಿದ್ದ ಅನ್ನಬಹುದು. ನಾಲ್ಕೂ ಜನಕ್ಕಾ?"

ನಾನೂ ಎದ್ದು ಫೋಟೋದ ಹತ್ತಿರ ಹೋದೆ. ಗಾಜಿನ ಪ್ಲೇಟಿಗೆ ಎರಡು ಬದಿ. ಒಂದು ಹೊಳೆಯುತ್ತದೆ, ಚಿತ್ರ ಕೂತಿರುವ ಬದಿ ಮಂಕು. ಮಂಕು ಬದಿ ಕಾಗದಕ್ಕೆ ತಾಗುವಂತೆ ಇಡಬೇಕು. ಮಗುಚಿ ಇಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಇದು. ಆ ಫೋಟೋದಲ್ಲಿ ಬೋರ್ಡಿಲ್ಲ, ಗಡಿಯಾರವಿಲ್ಲ, ತಪ್ಪು ಹಿಡಿದುಕೊಡಲು ಒಂದು ಅಕ್ಷರವೂ ಇಲ್ಲ.

ಹಿಂದಿನ ಕೋಣೆಗೆ ಹೋದೆ. ಅಪ್ಪ ಕುರ್ಚಿಯಲ್ಲಿ ಕೂತು ಲೆನ್ಸು ಒರೆಸುತ್ತಿದ್ದರು. ಎಪ್ಪತ್ತಾರು ದಾಟಿದರೂ ಲೆನ್ಸಿಗೆ ನನ್ನ ಕೈ ತಾಗಿಸಲು ಬಿಡುವವರಲ್ಲ.

"ಅಪ್ಪಾ, ಅಂಚೆ ಕಚೇರಿ ಪ್ಲೇಟು ಮಗುಚಿ ಇಟ್ಟಿದ್ರಾ?"

ಬಟ್ಟೆ ಹಿಡಿದ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಯಾರು ಹೇಳಿದ್ರು?"

"ಟೇಪಣ್ಣ."

"ದರ್ಜಿ ಕಣ್ಣು," ಎಂದರು. ಆಮೇಲೆ, "ಗೋಡೆಗೆ ಹಾಕಿದ ದಿನವೇ ಗೊತ್ತಾಯ್ತು ಕಣೇ. ನಮ್ಮಪ್ಪ ಜ್ವರ ಬಂದು ಮಲಗಿದ್ರು. ಒಬ್ಬನೇ ಮಾಡಿದ ಮೊದಲನೇ ಕೆಲಸ. ಎಲ್ಲರೂ ಬೆನ್ನು ತಟ್ಟಿದ್ರು. ಹೇಳೋಕೆ ಬಾಯಿ ಬರಲಿಲ್ಲ."

"ಊರಲ್ಲಿ ಯಾರೂ ಕೇಳಲಿಲ್ವಾ?"

"ಒಬ್ಬ ಕೇಳಿದ. ಮುದುಕ, ಅಲ್ಲೇ ಪೋಸ್ಟ್‌ಮ್ಯಾನ್ ಆಗಿದ್ದವನು. ದಿನಾ ಆ ಕಮಾನಿನಿಂದಲೇ ಸೈಕಲ್ ಹೊರಗೆ ತರ್ತಿದ್ದ. 'ಕಮಾನು ಬಲಗಡೆ ಇತ್ತಲ್ಲಪ್ಪ' ಅಂದ. ನಾನೇನಂದೆ ಗೊತ್ತಾ? 'ಅಜ್ಜಾ, ನಿಮಗೆ ವಯಸ್ಸಾಯ್ತು. ಕ್ಯಾಮೆರಾ ಸುಳ್ಳು ಹೇಳುತ್ತಾ?' ಸುತ್ತಲಿದ್ದವರೆಲ್ಲ ನಕ್ಕರು. ಅವನು ತಲೆ ತಗ್ಗಿಸಿ ಹೋದ."

ನನಗೆ ಸಿಟ್ಟು ಬಂತು, ಜೊತೆಗೆ ಅಳುವೂ ಬಂತು. ಎರಡನ್ನೂ ನುಂಗಿಕೊಂಡು, "ಸೋಮವಾರ ಬರ್ತೀರಾ?" ಎಂದೆ. ಅವರು ಮತ್ತೆ ಲೆನ್ಸು ಒರೆಸತೊಡಗಿದರು. ಸೋಮವಾರ ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಪ್ಲೇಟಿನ ಮರದ ಡಬ್ಬಿಯನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

ಸಭೆಯಲ್ಲಿ ಎಂಜಿನಿಯರು ಆ ದೊಡ್ಡ ಫೋಟೋದ ಕೆಳಗೇ ಕೂತಿದ್ದರು. ಅಪ್ಪ ಎದ್ದು ನಿಂತರು.

"ಸ್ವಾಮಿ, ಆ ಫೋಟೋ ತಿರುವುಮುರುವಾಗಿದೆ. ಅಚ್ಚು ಹಾಕಿದವನು ನಾನೇ. ಕಮಾನು ಬಲಗಡೆ ಇತ್ತು."

ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎಂಜಿನಿಯರು ಒಳ್ಳೆಯ ಮನುಷ್ಯರೇ, ಮೃದುವಾಗಿ ನಕ್ಕರು. "ಅಜ್ಜಾ, ಗಾಜನ್ನ ಯಾವ ಕಡೆಗೆ ಬೇಕಾದ್ರೂ ತಿರುಗಿಸಬಹುದಲ್ವಾ? ಅರವತ್ತು ವರ್ಷದ ಹತ್ತಿರ ಆಯ್ತು. ನಿಮಗೂ ವಯಸ್ಸಾಯ್ತು."

ಅಪ್ಪನ ಮುಖ ಬಾಡಿತು. ಆ ಮಾತು ಯಾರದ್ದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಆಗ ಟೇಪಣ್ಣ ಎದ್ದ. "ಸಾರ್, ಒಂದೇ ಮಾತು. ನಿಮ್ಮ ಪೆನ್ನು ಎಲ್ಲಿದೆ?"

ಎಂಜಿನಿಯರು ಎದೆ ಮುಟ್ಟಿಕೊಂಡರು. ಎಡಗಡೆ.

"ಈಗ ಹಿಂದೆ ತಿರುಗಿ ಆ ನಾಲ್ಕು ಜನರ ಜೇಬು ನೋಡಿ ಸಾರ್. ಗುಂಡಿಪಟ್ಟಿನೂ ನೋಡಿ."

ಕೋಣೆಯಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ತಂತಮ್ಮ ಎದೆ ತಡವಿಕೊಂಡರು, ಫೋಟೋ ನೋಡಿದರು, ಪಕ್ಕದವನ ಎದೆ ನೋಡಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಎಂಜಿನಿಯರು ಕುರ್ಚಿಯ ಮೇಲೆ ಹತ್ತಿ ಕನ್ನಡಕ ಸರಿ ಮಾಡಿಕೊಂಡು ತುಂಬಾ ಹೊತ್ತು ನೋಡಿದರು. ಇಳಿದು ಬಂದವರು ಅಪ್ಪನ ಕೈಯಿಂದ ಪ್ಲೇಟನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

"ತಪ್ಪಾಯ್ತು ಯಜಮಾನ್ರೇ," ಎಂದರು.

"ನಿಮ್ಮದಲ್ಲ," ಎಂದರು ಅಪ್ಪ.

ಕಮಾನು ಉಳಿಯಿತು. ರಸ್ತೆ ಅಲ್ಲಿ ಸ್ವಲ್ಪ ಸೊಂಟ ಬಳುಕಿಸಿ ಹೋಗುತ್ತದೆ, ಆಟೋದವರು ಬೈಯುತ್ತಾರೆ, ಬೈಯಲಿ. ಮುಂದಿನ ವಾರ ಅಪ್ಪ ನನ್ನನ್ನು ಕತ್ತಲೆ ಕೋಣೆಯೊಳಗೆ ಬಿಟ್ಟುಕೊಳ್ಳದೆ ತಾವೇ ಹೊಸ ಪ್ರತಿ ಮಾಡಿದರು. ಪ್ಲೇಟು ಇಡುವ ಮೊದಲು ಮಂಕು ಬದಿಯನ್ನು ಮೂರು ಸಲ ಬೆರಳ ತುದಿಯಿಂದ ಮುಟ್ಟಿ ನೋಡಿದರಂತೆ.

ನಗರಸಭೆಯವರು ಹಳೆಯದನ್ನು ಇಳಿಸಲು ಹೊರಟಾಗ ಅಪ್ಪ ಬೇಡ ಎಂದರು. ಈಗ ಎರಡೂ ಪಕ್ಕಪಕ್ಕದಲ್ಲಿವೆ. ಶಾಲೆಯ ಮಕ್ಕಳು ಬಂದು ಜೇಬು ಹುಡುಕಿ ಕೇಕೆ ಹಾಕುತ್ತವೆ. ಕೆಳಗೆ ಅಪ್ಪನ ಕೈಬರಹದ ಒಂದು ಚೀಟಿ ಇದೆ: "ಎಡಗಡೆಯದು ನನ್ನ ತಪ್ಪು. ಪೋಸ್ಟ್‌ಮ್ಯಾನ್ ಅಜ್ಜ ಹೇಳಿದ್ದೇ ಸರಿ."