ಕಡಿಮೆ ನಷ್ಟದ ಜಾಗ

"ಏ ಮುಟ್ಟಬ್ಯಾಡ ಬೇ ಮುದುಕಿ! ಕೈ ತಗಿ! ಹೊಲಸ ಕೈ ಹಚ್ಚಿ ಅದನ್ನ ಕೆಡಸ್ತಿಯೇನ, ರಂಡಿ?"

ಮೇಸ್ತ್ರಿ ಯಂಕೋಬ ಹೀಗೆ ಒದರಿದಾಗ ದುರುಗವ್ವನ ತಲೆಯ ಮೇಲಿನ ಸಿಂಬಿ ಇನ್ನೂ ಇಳಿದಿರಲಿಲ್ಲ. ಗಂಗಾವತಿಯ ಕಾಲುವೆ ಆಫೀಸಿನ ಮಾಳಿಗೆಗೆ ಆ ಪೆಟ್ಟಿಗೆಯನ್ನು ಹೊತ್ತು ತಂದವಳು ಅವಳೇ. ಅವಳೂ, ಅವಳ ತಮ್ಮ ಹುಲಗಪ್ಪನೂ, ರಾಜಾಸಾಬನೂ ಲಾರಿಯಿಂದ ಇಳಿಸಿ, ಕಡಿದಾದ ಮೆಟ್ಟಿಲು ಹತ್ತಿಸಿ, ನಡ ಮುರಿಯುವ ಹಾಗೆ ತಂದಿಟ್ಟಿದ್ದರು. ಮೂವರೂ ಕಾಲುವೆ ಗ್ಯಾಂಗಿನ ಕೂಲಿಗಳು. ಹೂಳು ತೆಗೆಯುವುದು, ಏರಿ ಕಟ್ಟುವುದು, ಏರಿಗೆ ಬಿಲ ಬಿದ್ದರೆ ಮುಚ್ಚುವುದು ಅವರ ಕೆಲಸ. ಸಾಹೇಬರ ಮನೆಯ ಕಟ್ಟಿಗೆ ಒಡೆಯುವುದು, ಇಂಥ ಪೆಟ್ಟಿಗೆ ಹೊರುವುದು ಅದರ ಮೇಲಿನ ಕೊಸರು. ಪೆಟ್ಟಿಗೆ ಮುಚ್ಚಿದ್ದಾಗ ಅವಳ ತಲೆ ನಡೆಯಿತು, ಹೆಗಲು ನಡೆಯಿತು, ಬೆವರೂ ನಡೆಯಿತು. ಪೆಟ್ಟಿಗೆ ಒಡೆದು ಒಳಗಿನ ಕಂಪ್ಯೂಟರು ಮೇಜಿನ ಮೇಲೆ ಕೂತದ್ದೇ ತಡ, ಕೈ ಹೊಲಸಾಯಿತು. ಎಂಥ ಮಂದಿಯಪ್ಪಾ ಇವರು!

"ಅದಕ್ಕೆ ಧೂಳಾಗಬಾರದಮ್ಮ," ಎಂದರು ಇಂಜಿನಿಯರ್ ಸಾಹೇಬರು. ಮೈಸೂರು ಕಡೆಯವರು, ಬೈದರೂ ಮೆತ್ತಗೆ ಬೈಯುವವರು. "ಬಹಳ ಸೂಕ್ಷ್ಮದ ಯಂತ್ರ. ಹೊರಗೆ ನಿಂತ್ಕೊಳ್ಳಿ."

ಮೂವರೂ ಹೊಸ್ತಿಲಾಚೆ ನಿಂತರು. ಅಷ್ಟರಲ್ಲಿ ವಿರುಪಣ್ಣ ಸಾವಕಾರ ಬಂದ. ಸಿದ್ದಾಪುರದ ದಾರಿಯಲ್ಲಿ ಕಾಲುವೆಯ ಬಲಕ್ಕೂ ಎಡಕ್ಕೂ ಗದ್ದೆ, ಏರಿಯ ಪಕ್ಕದಲ್ಲೇ ಅಕ್ಕಿ ಮಿಲ್ಲು ಇದ್ದ ಕುಳ. ಚಪ್ಪಲಿಗೆ ಮೆತ್ತಿದ ಗದ್ದೆಯ ಕೆಸರಿನ ಸಮೇತ ನೆಟ್ಟಗೆ ಒಳಗೆ ಹೋಗಿ ಕುರ್ಚಿಯಲ್ಲಿ ಕುಂತ. ಧೂಳಿನ ಮಾತು ಯಾರೂ ಎತ್ತಲಿಲ್ಲ. ಪೂಜಾರಿ ಬಂದು ಯಂತ್ರದ ಹಣೆಗೆ ಕುಂಕುಮ ಬಡಿದು, ಕೋಣೆ ತುಂಬ ಕರ್ಪೂರದ ಹೊಗೆ ಎಬ್ಬಿಸಿ, ಅದರ ಮುಂದೆಯೇ ಕಾಯಿ ಒಡೆದ. ಕಾಯಿ ನೀರು ಯಂತ್ರದ ಮೈಮೇಲೆಲ್ಲ ಸಿಡಿಯಿತು. ಅದೂ ನಡೆಯಿತು.

"ಏನ ಮಾಡ್ತೈತ್ರೀ ಸಾಹೇಬ್ರ, ಇದು?" ಎಂದ ಸಾವಕಾರ.

"ಇಷ್ಟು ವರ್ಷ ಕಾಲುವೆ ಎಲ್ಲೆಲ್ಲಿ ಒಡೆದಿದೆ, ಎಂಥಾ ಮಳೆಗೆ ಒಡೆದಿದೆ, ಎಲ್ಲಾ ಇದಕ್ಕೆ ಊಡಿಸ್ತೀವಿ. ಆಮೇಲೆ ಅದೇ ಯೋಚನೆ ಮಾಡಿ ಹೇಳುತ್ತೆ. ಎಲ್ಲಿ ಅಪಾಯ ಇದೆ, ಏರಿ ಉಳಿಸೋಕೆ ಎಲ್ಲಿ ಕಡಿದು ನೀರು ಬಿಟ್ರೆ ಕಡಿಮೆ ನಷ್ಟ, ಎಲ್ಲಾ. ಮನುಷ್ಯರ ಬುದ್ಧಿ ಇದ್ದ ಹಾಗೇ. ಆದ್ರೆ ಇದಕ್ಕೆ ಮುಲಾಜಿಲ್ಲ, ಲಂಚ ಇಲ್ಲ."

"ಅಂದ್ರ ಮನಿಷ್ಯಾರಕಿಂತ ಭಾಳ ಛಲೋ ಅನ್ರಿ!" ಸಾವಕಾರ ನಕ್ಕು, ನೈವೇದ್ಯದ ಬಾಳೆಹಣ್ಣು ಸುಲಿದು ಬಾಯಿಗೆ ಹಾಕಿಕೊಂಡ.

ಹೊರಗೆ ನಿಂತವರಿಗೆ ಯಂಕೋಬ ಒಂದೊಂದು ಕಾಯಿ ಚೂರನ್ನು ಮೇಲಿನಿಂದ ಕೆಡವಿದ, ಕೈಗೆ ಕೈ ತಾಗದ ಹಾಗೆ. ಹುಲಗಪ್ಪ ತನ್ನ ಪಾಲಿನದನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಎಡಗಾಲು ಕುಂಟು. ಹಿಂದೊಂದು ವರ್ಷ ಏರಿಯಲ್ಲಿ ನೀರು ಜಿನುಗಿದಾಗ, ಬಿಲ ಎಲ್ಲಿದೆಯೆಂದು ಕಾಲಾಡಿಸಿ ಹುಡುಕು ಅಂತ ಇದೇ ಯಂಕೋಬ ಅವನನ್ನು ತುಂಬಿದ ಕಾಲುವೆಗೆ ದೂಡಿದ್ದ. ಬಿಲ ಸಿಕ್ಕಿತು. ಸಿಕ್ಕಿ ತೊಡೆಯ ತನಕ ಕಾಲನ್ನು ಒಳಕ್ಕೆ ಎಳೆದುಕೊಂಡಿತು. ರಾಜಾಸಾಬ ಮುಳುಗಿ ಎಳೆದು ತೆಗೆಯದಿದ್ದರೆ ಹುಲಗಪ್ಪನ ಹೆಣವೇ ಏರಿಗೆ ಬಿರಡೆಯಾಗುತ್ತಿತ್ತು.

"ಆವಾಗೂ ಇಂಥಾದ ಕಾಯಿ ಚೂರ ಕೊಟ್ಟಿದ್ರು," ಎಂದು ಹುಲಗಪ್ಪ ಆ ಚೂರನ್ನು ಗಟಾರಕ್ಕೆ ಒಗೆದ.

ಯಂತ್ರಕ್ಕೆ ಊಡಿಸಬೇಕಲ್ಲ, ಬೇಸಿಗೆಯಲ್ಲಿ ಸಾಹೇಬರು ಏರಿಯುದ್ದಕ್ಕೂ ಬರೆದುಕೊಳ್ಳುತ್ತ ಬಂದರು. ಎಲ್ಲಿ ಮಿಲ್ಲು, ಎಲ್ಲಿ ಮನೆ, ಎಲ್ಲಿ ಬೆಳೆ ಎಂದು. ದುರುಗವ್ವನ ಗ್ಯಾಂಗು ಅಳತೆಯ ಸರಪಳಿ ಹಿಡಿದು ಹಿಂದೆ.

ದುರುಗವ್ವನವರ ಕೇರಿ ಬರುವುದಕ್ಕೆ ಮೊದಲು ಒಂದು ಹಳ್ಳ ಸಿಗುತ್ತದೆ. ಸಿಗುತ್ತದೆ ಅಂದರೆ, ಸಿಗುತ್ತಿತ್ತು. ಕಾಲುವೆಯಲ್ಲಿ ನೀರು ಮಿತಿಮೀರಿದರೆ ಹಳ್ಳಕ್ಕೆ ಬಿಡಲೆಂದು ಕಾಲುವೆ ಕಟ್ಟಿದವರೇ ಅಲ್ಲೊಂದು ಗೇಟು ಇಟ್ಟಿದ್ದರು. ವಿರುಪಣ್ಣ ಸಾವಕಾರ ಗೇಟಿನ ಬಾಯಿಗೆ ಮಣ್ಣು ಜಡಿದು ಏರಿಯ ಸಮಕ್ಕೆ ತಂದು, ಹಳ್ಳವನ್ನು ಸಪಾಟು ಮಾಡಿ ಭತ್ತ ಹಚ್ಚಿದ್ದ. ಇದು ಊರಿಗೆಲ್ಲ ಗೊತ್ತು, ಆಫೀಸಿಗೂ ಗೊತ್ತು.

"ಗದ್ದೆ, ನೀರಾವರಿ, ಒಳ್ಳೆ ಬೆಳೆ," ಎಂದು ಸಾಹೇಬರು ಬರೆದುಕೊಂಡರು.

"ಹಳ್ಳ ಅಂತ ಬರಕೋರಿ ಸಾಹೇಬ್ರ, ಇದು ಹಳ್ಳ ಐತಿ," ಎಂದ ರಾಜಾಸಾಬ.

"ನಿಮ್ಮಪ್ಪಂದೇನಲೇ ಹಳ್ಳ?" ಎಂದು ಯಂಕೋಬ ಮೈಮೇಲೆ ಬಂದ. ಸಾಹೇಬರು ಆ ಹೊತ್ತಿಗೆ ಆಕಾಶದಲ್ಲಿ ಏನನ್ನೋ ನೋಡುತ್ತಿದ್ದರು. ಅವತ್ತು ಅವರ ಊಟ ಸಾವಕಾರನ ಮನೆಯಲ್ಲಿತ್ತು.

ಕೇರಿಯ ಹತ್ತಿರ ಬಂದಾಗ ಸಾಹೇಬರು ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು. ನಾತವೇನೋ ಇತ್ತು. ಸಾವಕಾರನ ಮಿಲ್ಲಿನಲ್ಲಿ ಭತ್ತ ಕುದಿಸಿದ ಕೊಳೆನೀರು ಗುಡಿಸಲುಗಳ ನಡುವೆಯೇ ಹರಿದು ಹೋಗುತ್ತಿತ್ತು. ಮೂಗು ಮುಚ್ಚಿದವರು ಒಬ್ಬರಾದರೂ ಮಿಲ್ಲಿನ ಕಡೆ ನೋಡಿದರೇ? ಕೇರಿಯನ್ನೇ ನೋಡಿದರು.

"ಇವು ಮಾದರ ಗುಡಸಲ್ರೀ. ಪಟ್ಟಾ ಇಲ್ಲ," ಎಂದ ಯಂಕೋಬ.

"ಪಟ್ಟಾ ಇಲ್ದಿದ್ರೆ ಮನೆ ಅಂತ ಹಾಕೋಕೆ ಬರಲ್ಲ. ಒತ್ತುವರಿ ಇದು. ಏನೂ ಇಲ್ಲ ಅಂತ ಹಾಕೋಣ."

ದುರುಗವ್ವನಿಗೆ ತಡೆಯಲಾಗಲಿಲ್ಲ. ಅವಳ ಅಪ್ಪ ಅವ್ವ ಈ ಕಾಲುವೆ ಅಗೆಯಲಿಕ್ಕೆಂದೇ ಬಂದವರು. ಇಲ್ಲೇ ಇರ್ರಿ ಎಂದು ಸರಕಾರದವರೇ ತೋರಿಸಿದ ಜಾಗ ಇದು. ಇಬ್ಬರೂ ಇದೇ ಮಣ್ಣಿನಲ್ಲಿ ಮಣ್ಣಾಗಿದ್ದರು.

"ಏನ ಇಲ್ಲ ಅಂದ್ರ ಹೆಂಗ್ರೀ ಯಪ್ಪಾ? ನಾವು ಕಣ್ಣಿಗೆ ಕಾಣಂಗಿಲ್ಲೇನ್ರಿ? ನನ್ನ ಮಗಳು ಗಾಳೆಮ್ಮ ಬಸರಿ ಅದಾಳ, ಬಾಗಲ್ದಾಗ ಕುಂತಾಳ ನೋಡ್ರಿ. ಅಕೀನೂ ಇಲ್ಲೇನ್ರಿ?"

"ಅದೆಲ್ಲ ಯಂತ್ರಕ್ಕೆ ಅರ್ಥ ಆಗಲ್ಲಮ್ಮ," ಎಂದರು ಸಾಹೇಬರು ಕರವಸ್ತ್ರದ ಒಳಗಿಂದ. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡ ಹಾಗೆ ಮಾತು.

ಹಿಂಗಾರಿನಲ್ಲಿ ಮಳೆ ಹಿಡಿದುಕೊಂಡಿತು. ಹಿಡಿದದ್ದು ಬಿಡಲೇ ಇಲ್ಲ. ಗುಡ್ಡದ ನೀರೆಲ್ಲ ಕಾಲುವೆಗೇ ಬಂದು ಬಿದ್ದು, ಏರಿಯ ತುದಿಯನ್ನು ನೆಕ್ಕತೊಡಗಿತು. ಗಾಳೆಮ್ಮ ಹೆತ್ತು ವಾರವೂ ಆಗಿರಲಿಲ್ಲ. ಹೆಣ್ಣು ಕೂಸು. ಗುಡಿಸಲಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟು ದುರುಗವ್ವ ಏರಿಗೆ ಹತ್ತಿದಾಗ, ಸಾಹೇಬರ ಜೀಪು, ಸಾವಕಾರನ ಜೀಪು ಎರಡೂ ಬಂದು ಕೇರಿಯ ನೆತ್ತಿಯ ಮೇಲೆ ನಿಂತಿದ್ದವು. ಗ್ಯಾಂಗಿನವರೆಲ್ಲ ಸುತ್ತ ನಿಂತಿರಲು ಯಂಕೋಬ ಸಲಿಕೆಯ ಅಂಚಿನಿಂದ ಏರಿಗೆ ಅಡ್ಡಲಾಗಿ ಒಂದು ಗೆರೆ ಎಳೆದ. ಗೆರೆಯ ಕೆಳಗೆ ಸರಿಯಾಗಿ ಹುಲಗಪ್ಪನ ಗುಡಿಸಲು, ಅದರ ಮಗ್ಗುಲಿಗೆ ದುರುಗವ್ವನದು.

"ಹೂಂ, ಇಲ್ಲೇ ಹೊಡೀರಿ. ಲಗೂನ!"

"ಮೇಲೆ ಕಾಲುವೆಗೆ ನೀರು ಬಿಡೋ ಗೇಟು ಇಳಿಸಿದ್ದೀವಿ," ಎಂದರು ಸಾಹೇಬರು. "ಆದ್ರೆ ಒಳಗಿರೋ ನೀರು ಇಳಿಯೋಕೆ ಸಂಜೆ ಆಗುತ್ತೆ. ಅಷ್ಟರಲ್ಲಿ ಏರಿ ತಾನಾಗೇ ಒಡೆದ್ರೆ ಮೈಲುಗಟ್ಟಲೆ ಕೊಚ್ಚಿ ಹೋಗುತ್ತೆ. ಗಂಗಾವತಿಗೆ ಕುಡಿಯೋಕೂ ನೀರಿರಲ್ಲ. ನಾವೇ ಒಂದು ಕಡೆ ಕಡಿಬೇಕು. ಯಂತ್ರ ಇದೇ ಜಾಗ ಹೇಳಿದೆ."

"ಕಡೀರಿ. ಬ್ಯಾಡ ಅಂದಾರ್ಯಾರು?" ಎಂದಳು ದುರುಗವ್ವ. "ಹಳ್ಳಕ್ಕ ಕಡೀರಿ."

ಸಾಹೇಬರು ಸಾವಕಾರನ ಮುಖ ನೋಡಿದರು. ಸಾವಕಾರ ಛತ್ರಿಯ ಕೆಳಗೆ ಎಲೆಅಡಿಕೆ ಜಗಿಯುತ್ತಿದ್ದ.

"ಅಲ್ಲಿ ನಷ್ಟ ಜಾಸ್ತಿ ಬರುತ್ತಮ್ಮ. ಕೊಯ್ಲಿಗೆ ಬಂದ ಬೆಳೆ ಇದೆ. ಇಲ್ಲಿ ನಷ್ಟ ಏನೂ ಇಲ್ಲ."

ಕೆಳಗಿನಿಂದ ಕೂಸು ಅಳುವುದು ಕೇಳಿಸಿತು. ಮಳೆಯ ಸದ್ದಿನಲ್ಲೂ ಕೇಳಿಸಿತು. ಸಾಹೇಬರಿಗೂ ಕೇಳಿಸಿತು. ಅವರು ರೇನ್‌ಕೋಟಿನ ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಂಡರು.

"ನನ್ನ ಮಗಳು ಹಸಿ ಬಾಣಂತಿ ಅದಾಳ್ರೀ ಯಪ್ಪಾ. ಮೂರು ಮಂದಿ ಮುದುಕ್ರು ಎದ್ದು ಕುಂದ್ರಲಾರದವ್ರು ಅದಾರ. ಈ ಮಳ್ಯಾಗ ಎಲ್ಲಿ ಹಾಕ್ಲಿ?"

"ಅರ್ಧಾ ತಾಸು ಕೊಡ್ತೀನಿ," ಎಂದ ಸಾವಕಾರ, ಕಾಲುವೆಯೇ ತನ್ನದು ಎಂಬಂತೆ. "ಎತ್ತಿ ಸಾಲಿ ಕಟ್ಟಿ ಮ್ಯಾಲ ಒಗೀರಿ. ನಿಮ್ಮ ಗುಡಸಲ್ದಾಗ ಏನ ಐತಿ, ನಾಕ ಗಡಗಿ. ಹೊಸಾವು ನಾ ಕೊಡಸ್ತೀನಿ, ಮ್ಯಾಲ ಒಂದೊಂದು ಸೀರಿ. ನನ್ನ ಭತ್ತ ಹ್ವಾದ್ರ ಯಾರ ಕೊಡ್ತಾರ? ನಿಮ್ಮಪ್ಪ ಕೊಡ್ತಾನ?" ಎಂದು ಪಿಚಕ್ಕನೆ ಉಗುಳಿದ. ಕೆಂಪು ಉಗುಳು ದುರುಗವ್ವನ ಪಾದದ ಮುಂದೆ ಬಿದ್ದು, ಮಳೆನೀರಿನಲ್ಲಿ ಹರಿದು ಅವಳ ಬೆರಳಿಗೆ ಬಂದು ತಾಗಿತು.

"ಹೊಡೀಲೇ, ಕುಂಟ ಸೂಳಿಮಗನ!" ಯಂಕೋಬ ಹುಲಗಪ್ಪನ ಕೈಗೆ ಗುದ್ದಲಿ ತುರುಕಿದ.

ಹುಲಗಪ್ಪ ಹುಟ್ಟಿದಾಗಿನಿಂದ ಹೇಳಿದ್ದು ಮಾಡಿದವನು. ಗುದ್ದಲಿ ಎತ್ತಿಯೇ ಬಿಟ್ಟ. ಎತ್ತಿದವನು ಕೆಳಗೆ ತನ್ನ ಗುಡಿಸಲಿನ ಗರಿ ನೋಡಿದ. ಗುದ್ದಲಿ ಮೇಲೆಯೇ ನಿಂತಿತು. ಆಮೇಲೆ ಮೆಲ್ಲಗೆ ಇಳಿಸಿ, "ಆಗಂಗಿಲ್ರೀ," ಎಂದ. ಯಂಕೋಬ ಅವನ ಕುಂಟುಗಾಲಿಗೇ ಒದ್ದ. ಹುಲಗಪ್ಪ ಕೆಸರಿನಲ್ಲಿ ಮಕಾಡೆ ಬಿದ್ದ.

ದುರುಗವ್ವನಿಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಸತ್ತು ಉಬ್ಬಿದ ಎಮ್ಮೆಯನ್ನು ಎಳೆದು ಹಾಕುವಾಗಲೂ ಇಷ್ಟು ಹೇಸಿಗೆಯಾಗಿರಲಿಲ್ಲ ಅವಳಿಗೆ. ಛತ್ರಿಯ ಕೆಳಗೆ ನಿಂತ ಆ ಹೊಟ್ಟೆ, ಟೊಪ್ಪಿಗೆಯೊಳಗಿನ ಆ ಸಾಧು ಮುಖ, ಒದ್ದ ಕಾಲನ್ನು ಕೆಸರಾಯಿತೆಂದು ಒರೆಸಿಕೊಳ್ಳುತ್ತಿದ್ದ ಯಂಕೋಬ. ಥೂ, ಇವರ ಜನ್ಮಕ್ಕಿಷ್ಟು! ಅವಳು ಬಗ್ಗಿ ಗುದ್ದಲಿ ಎತ್ತಿಕೊಂಡು ನಡೆದಳು.

"ಎಲ್ಲಿಗ್ ಹೊಂಟಿ ಬೇ?"

"ಕಡ್ಯಾಕ."

ರಾಜಾಸಾಬ ಸಲಿಕೆ ಹೆಗಲಿಗೇರಿಸಿ ಹಿಂದೆ ಬಿದ್ದ. ಹುಲಗಪ್ಪ ಎದ್ದು, ಮುಖದ ಕೆಸರು ಒರೆಸದೆ, ಕುಂಟುತ್ತ ಬಂದ. ಗ್ಯಾಂಗಿನ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರೂ ಬಂದರು. ಎಲ್ಲಿಗೆ ಹೊರಟಿದ್ದಾರೆಂದು ಸಾವಕಾರನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಸಾಹೇಬರನ್ನೂ ಯಂಕೋಬನನ್ನೂ ತನ್ನ ಜೀಪಿಗೆ ತುಂಬಿಕೊಂಡು, ಕೆಸರು ಸಿಡಿಸುತ್ತ ಅವರನ್ನು ಹಿಂದೆ ಹಾಕಿ, ಹಳ್ಳದ ಗೇಟು ದಾಟಿ ಆಚೆಗೆ ನಿಂತ. ಇಳಿದವನೇ ಡ್ರೈವರನನ್ನು ಪೊಲೀಸರನ್ನು ಕರೆತರಲು ಓಡಿಸಿದ.

"ಒಂದ ಹೆಂಟಿ ಮಣ್ಣು ಅಳ್ಳಾಡ್ಸಿದ್ರ ನಿಮ್ಮ ಕೇರಿಗೆ ಬೆಂಕಿ ಇಡ್ತೀನಿ, ಸೂಳಿಮಕ್ಳಾ!"

"ನೀರ ಬಿಡಾಕ ಬಂದಾಂವ ಈಗ ಬೆಂಕಿ ಇಡ್ತಾನಂತ," ಎಂದು ದುರುಗವ್ವ ಸೀರೆಯ ಕಚ್ಚೆ ಬಿಗಿದು, ಗೇಟಿನ ಬಾಯಿಗೆ ಜಡಿದ ಮಣ್ಣಿಗೆ ಗುದ್ದಲಿ ಹಾಕಿದಳು.

ಯಂಕೋಬ ಹಿಡಿಯಲು ಬಂದ. ರಾಜಾಸಾಬ ಸಲಿಕೆ ಅಡ್ಡ ಹಿಡಿದು, "ಬಾ ಮೇಸ್ತ್ರಿ, ಬಾ," ಎಂದ, ಬೀಗರನ್ನು ಕರೆದ ಹಾಗೆ. ಯಂಕೋಬ ಬರಲಿಲ್ಲ. ಗುದ್ದಲಿಗಳು ಬಿದ್ದವು. ಆ ಮಂದಿ ಮಣ್ಣು ಕಡಿಯುವುದನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಮೊದಲು ಬೆರಳಿನಷ್ಟು ನೀರು ಬಂತು, ಆಮೇಲೆ ತೊಡೆಯಷ್ಟು. ಗ್ಯಾಂಗಿನವರೆಲ್ಲ ಕೇರಿಯ ಕಡೆಗೆ ಹಾರಿಕೊಂಡರು. ಏರಿ ಧಡ್ಡನೆ ಬಾಯಿ ಬಿಟ್ಟಿತು. ತೆನೆ ಬಾಗಿ ನಿಂತ ಭತ್ತದ ಮೇಲೆ ಕೆಂಪು ನೀರು ಮಗುಚಿ ಬಿದ್ದು, ಹಳ್ಳ ತನ್ನ ಹಳೆಯ ದಾರಿ ಹಿಡಿಯಿತು.

ಒಡಕಿನ ಆಚೆ ದಡದಲ್ಲಿ ಸಾಹೇಬರು ಕಾಲುವೆಯ ಅಳತೆಗಲ್ಲಿನ ಕಡೆ ಬಗ್ಗಿ ನೋಡಿದರು. "ಮಟ್ಟ ಇಳೀತಾ ಇದೆ. ಸದ್ಯ, ಕಾಲುವೆ ಉಳೀತು!" ಅವರ ಮುಖದಲ್ಲಿ ನಗೆಯೇ ಬಂದಿತ್ತು. ಸಾವಕಾರ ಅವರ ಕೊರಳಪಟ್ಟಿ ಹಿಡಿದು ಜಗ್ಗಿದ. "ನಿನ್ನ ಕಾಲುವಿ ಮಣ್ಣಾಗ ಹೋಗ್ಲಿ! ನನ್ನ ಭತ್ತ ನೋಡಲೇ!"

ಆಮೇಲೆ ಅವನ ದನಿ ಬದಲಾಯಿತು. ದುರುಗವ್ವನಿಗೆ ಒಂದು ಹೆಸರಿದೆಯೆಂಬುದು ಅವನಿಗೆ ಅವತ್ತು ನೆನಪಾಯಿತು.

"ದುರುಗವ್ವಾ, ನಮ್ಮವ್ವಾ, ಮುಚ್ರಿ ಬೇ. ನಿಮಗ ಬಿಟ್ರ ಇದನ್ನ ಮುಚ್ಚಾಕ ಯಾರಿಗೆ ಬರ್ತೈತಿ? ಹುಲಗಪ್ಪನ್ನ ಇಳಸ್ರಿ. ರಾಜಾಸಾಬನ್ನ ಇಳಸ್ರಿ. ಕೇಳಿದ್ದು ಕೊಡ್ತೀನಿ."

ಯಾರೂ ಇಳಿಯಲಿಲ್ಲ. ಹುಲಗಪ್ಪ ಕುಂಟುಗಾಲು ಚಾಚಿ ಏರಿಯ ಮೇಲೆ ಕುಂತು ಬೀಡಿ ಹಚ್ಚಲು ನೋಡಿದ. ಮಳೆಗೆ ಹತ್ತಲಿಲ್ಲ. ಬರಿ ಬೀಡಿಯನ್ನೇ ಕಚ್ಚಿಕೊಂಡ.

ಪೊಲೀಸರ ಜೀಪು ಬಂದು ಆಚೆ ದಡದಲ್ಲೇ ನಿಂತಿತು. ಜಮಾದಾರ ಲಾಠಿ ಹಿಡಿದು ಇಳಿದ.

"ಯಾವಾಕಿ ಬೇ ಮೊದಲ ಗುದ್ದಲಿ ಹಾಕ್ದಾಕಿ?"

"ನಾನ," ಎಂದಳು ದುರುಗವ್ವ.

"ಬಾ ಈ ಕಡೆ!"

"ಆ ಕಡೆ ನನಗೇನ ಕೆಲಸ ಐತಿ? ನಿಮಗ ಬೇಕಾಗಿದ್ರ ಇಳದು ಬರ್ರಿ. ನೀರು ಭಾಳ ಏನಿಲ್ಲ, ಎದೀ ಮಟ ಐತಿ. ನಾವು ದಿನಾ ಇಳೀತಿದ್ವಿ."

ಜಮಾದಾರ ನೀರು ನೋಡಿದ. ಸಾವಕಾರ ಜಮಾದಾರನನ್ನು ನೋಡಿದ, ಸಾಹೇಬರು ಯಂಕೋಬನನ್ನು ನೋಡಿದರು, ಯಂಕೋಬ ತನ್ನ ಕಾಲು ನೋಡಿಕೊಂಡ. ಅಷ್ಟರಲ್ಲಿ ಆಚೆ ಏರಿಯ ಒಂದು ದೊಡ್ಡ ಹೆಂಟೆ ಕಳಚಿ ನೀರಿಗೆ ಬಿತ್ತು. ನಾಲ್ವರೂ ಒಟ್ಟಿಗೆ ಹಿಂದಕ್ಕೆ ಸರಿದರು.