ಅವಸರದಲ್ಲಿ ಬಂದ ಅಮ್ಮ

ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ಅದನ್ನು ಕಾಯಿಲೆ ಎನ್ನುವುದಿಲ್ಲ. ಅಮ್ಮ ಬಂದವಳೆ ಎನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ, ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಔಷಧಿ ಮುಟ್ಟಿಸುವುದಿಲ್ಲ, ಅಮ್ಮ ಬಂದವರನ್ನು ಹೊಸಿಲು ದಾಟಿಸುವುದಿಲ್ಲ.

ನನ್ನ ತಂಗಿ ಮಾದಮ್ಮನನ್ನೂ ದಾಟಿಸಲಿಲ್ಲ. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು, ಹಬ್ಬಕ್ಕೆ ತವರಿಗೆ ಬಂದಿದ್ದೆ. ಕಬ್ಬಿನ ಕೂಳೆ ಚುಚ್ಚಿ ಅವಳ ಕಾಲು ಕೀವು ತುಂಬಿತ್ತು. ಸೈಕಲ್ಲಿನಲ್ಲಿ ಊರೂರು ತಿರುಗುವ ಕಾಂಪೌಂಡರ್ ಒಬ್ಬ ಅವಳನ್ನು ಜಗುಲಿಯ ಮೇಲೆ ಕೂರಿಸಿ ಸೂಜಿ ಹಾಕಿದ. ಅವನ ಸೈಕಲ್ಲು ಕೆರೆಯ ಏರಿ ದಾಟಿತ್ತೋ ಇಲ್ಲವೋ, ಇವಳ ಮೈಯೆಲ್ಲ ಗುಳ್ಳೆ ಎದ್ದಿತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದೆವು. ದನ ಮನೆಗೆ ಬರುವಷ್ಟರಲ್ಲಿ ಮುಗಿದುಹೋಯಿತು. ಅಮ್ಮ ಅವಸರದಲ್ಲಿ ಬಂದಳು, ಅವಸರದಲ್ಲೇ ಕರೆದುಕೊಂಡಳು ಎಂದರು ಹಿರಿಯರು. ಅಂದಿನಿಂದ ವರ್ಷವರ್ಷವೂ ಮಾರಮ್ಮನಿಗೆ ಅವಳ ಹೆಸರಿನಲ್ಲಿ ತಂಬಿಟ್ಟು ಮಾಡಿಕೊಂಡು ಬಂದಿದ್ದೇನೆ.

ಈಗ ಹೇಳಬೇಕಾಗಿರುವುದು ನನ್ನ ಮೊಮ್ಮಗಳು ಲಿಖಿತಾಳ ವಿಷಯ. ನನ್ನ ಮಗ ಕಾಂತರಾಜುವಿನ ಮಗಳು. ನರಸೀಪುರದಾಚೆ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಹೋದ ವರ್ಷ ಶ್ರಾವಣದಲ್ಲಿ ಫೋನು ಮಾಡಿ, ಎದೆಹಾಲು ಕಟ್ಟಿಕೊಂಡು ಬಾವು ಬಂದಿದೆ, ಎರಡು ದಿನದಿಂದ ಜ್ವರ, ಮಗು ಬಾಯಿ ಹಾಕಿದರೆ ಜೀವ ಹೋಗುತ್ತದೆ ಎಂದು ಅತ್ತಳು. ನಾನು ಬೆಳಿಗ್ಗೆಯೇ ಹೊರಟೆ. ಕವಲಂದೆಯಿಂದ ನಂಜನಗೂಡಿಗೆ ಒಂದು ಬಸ್ಸು, ಅಲ್ಲಿ ರಸಬಾಳೆ ಒಂದು ಚಿಪ್ಪು ಕೊಂಡುಕೊಂಡು ನರಸೀಪುರಕ್ಕೆ ಇನ್ನೊಂದು ಬಸ್ಸು. ಅಲ್ಲಿಂದ ಅವರ ಊರಿನ ಜಗನ್ ತನ್ನ ಗೂಡ್ಸ್ ಆಟೋದಲ್ಲಿ ಹಿಂಡಿ ಮೂಟೆಯ ಪಕ್ಕ ಕೂರಿಸಿಕೊಂಡು ಬಂದ.

"ಅಜ್ಜಿ, ಗಟ್ಯಾಗಿ ಇಡ್ಕೊ. ನೀನು ಬಿದ್ರೂ ಪರವಾಗಿಲ್ಲ, ಇಂಡಿ ಮೂಟೆ ಬಿದ್ರೆ ಲಾಸು" ಎಂದು ದಾರಿಯುದ್ದಕ್ಕೂ ನಗಿಸಿದ.

ಬೀಗಿತ್ತಿ ದೇವೀರಮ್ಮ ಬಾಗಿಲಲ್ಲೇ ನಿಂತಿದ್ದಳು. "ಬನ್ನಿ ಅಕ್ಕ. ಮೊಮ್ಮಗಳ ಎದೆ ನೋವಿಗೆ ಬಾಳೆಅಣ್ಣು ತಂದೀರಾ? ನಮ್ಮನೇಲಿ ಉಣ್ಣಕ್ಕಿಲ್ಲ ಅಂದ್ಕಂಡ್ರಾ?" ಎಂದಳು. ಹಾಗೆನ್ನುತ್ತಲೇ ಹಣ್ಣಿನ ಚೀಲ ಕಿತ್ತುಕೊಂಡು ಒಳಗಿಟ್ಟಳು. ಮಾತು ಒರಟು, ಮನಸ್ಸು ಒಳ್ಳೆಯದು.

ಲಿಖಿತಾ ಆಗಷ್ಟೇ ಇಡ್ಲಿ ತಿಂದು ಕೈ ತೊಳೆದಿದ್ದಳು. ಅವಳ ಗಂಡ ಮಧುಕುಮಾರ್ ಹಿಂದಿನ ಸಂಜೆ ನರಸೀಪುರದ ಡಾಕ್ಟ್ರಮ್ಮನ ಹತ್ತಿರ ತೋರಿಸಿಕೊಂಡು ಬಂದು, ಬೆಳಿಗ್ಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಟ್ಟು, ನಂಜನಗೂಡಿನ ಫ್ಯಾಕ್ಟರಿಗೆ ಡ್ಯೂಟಿಗೆ ಹೋಗಿದ್ದನಂತೆ.

"ಒಳ್ಳೇ ಡಾಕ್ಟ್ರು ಅಜ್ಜಿ" ಎಂದಳು ಅವಳು. "ಮಗೂಗೆ ಹಾಲು ಕುಡ್ಸೋದು ನಿಲ್ಲಿಸ್ಬೇಡ ಅಂದ್ರು. ಕೀವಿನ ಜ್ವರಕ್ಕೆ ಮಾತ್ರೆ ಬರ್ಕೊಟ್ರು. ನೋವು ಕಮ್ಮಿ ಆಯ್ತು ಅಂತ ಮಧ್ಯದಲ್ಲೇ ಬಿಟ್ಬಿಡ್ಬೇಡ ಅಂತ ಬೈದೂ ಕಳ್ಸಿದ್ರು. ಮೊದ್ಲು ಯಾವ್ದಾದ್ರೂ ಔಷಧಿ ಮೈಗೆ ಒಗ್ದೆ ತೊಂದ್ರೆ ಆಗಿತ್ತಾ ಅಂತಾನೂ ಕೇಳಿದ್ರು."

"ನೀನೇನಂದೆ?"

"ಏನೂ ಇಲ್ಲ ಅಂದೆ. ಆಗಿಲ್ವಲ್ಲ."

ಅವಳು ಸುಳ್ಳು ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನನ್ನ ಎದುರಿಗೇ ಮೊದಲನೇ ಮಾತ್ರೆಯನ್ನು ನೀರಿನ ಜೊತೆ ನುಂಗಿದಳು. ಆದರೂ ನನ್ನ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಮಿಸುಕಿತು. ಅದು ಏನೆಂದು ಹಿಡಿಯಲು ಆಗಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಲಿಖಿತಾ ಅಂಗೈ ಕೆರೆದುಕೊಳ್ಳತೊಡಗಿದಳು.

"ಏನಮ್ಮ?"

"ಯಾಕೋ ನವೆ ಅಜ್ಜಿ. ಅಂಗಾಲೂ ಉರೀತಿದೆ."

ನೋಡನೋಡುತ್ತಿದ್ದಂತೆ ಕತ್ತಿನ ಮೇಲೆ ಕೆಂಪಗೆ ಎದ್ದವು. ಆಮೇಲೆ ತೋಳು, ಆಮೇಲೆ ಹೊಟ್ಟೆ. ನಾನು ದೇವೀರಮ್ಮನನ್ನು ಕೂಗಿದೆ. ಅವಳು ಹಿತ್ತಲಿಂದ ಬಂದು ಒಂದು ಸಲ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೈಮುಗಿದಳು.

"ಅಯ್ಯೋ ತಾಯಿ, ಬಂದ್ಬುಟ್ಯಾ. ಎಲ್ಡು ದಿನದಿಂದ ಜ್ವರ ಕಾಯ್ತಿತ್ತು, ನಾವು ಕುರುಡು ಮುಂಡೇವು, ಎದೆ ಬಾವು ಅಂದ್ಕಂಡೊ. ಇನ್ನು ಆ ಮಾತ್ರೆ ಗೀತ್ರೆ ಏನೂ ಬ್ಯಾಡ."

ಹಿತ್ತಲಿನ ಬೇವಿನಿಂದ ಎರಡು ಕೊಂಬೆ ಮುರಿದು ತಂದಳು. ಒಂದನ್ನು ಬಾಗಿಲಿಗೆ ಸಿಕ್ಕಿಸಿದಳು, ಇನ್ನೊಂದನ್ನು ಹಾಸಿಗೆಯ ಮೇಲೆ ಹರಡಿದಳು. ಒಲೆಯ ಮೇಲಿನ ಸಾರು ಇಳಿಸಿದಳು. ಯಾವುದನ್ನೂ ನನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಾನೇ ಎಷ್ಟೋ ಮನೆಗಳಲ್ಲಿ ಹೀಗೆಯೇ ಬೇವು ಹಿಡಿದು ಕೂತವಳು. ದೇವೀರಮ್ಮ ಮಗುವನ್ನು ಪಕ್ಕದ ಮನೆಗೆ ಸಾಗಿಸಿ ಬಂದಳು. ಹಿಂಡಿ ಇಳಿಸಿ ನೀರು ಕೇಳಲು ಬಂದ ಜಗನ್ ಬಾಗಿಲಿನ ಸೊಪ್ಪು ಕಂಡು ಚಪ್ಪಲಿ ಬಿಟ್ಟು, ಅಂಗಳದಲ್ಲೇ ನಿಂತ.

ಆಗ ಮನೆ ತಣ್ಣಗಾಯಿತು. ಆ ತಂಪು ನನಗೆ ಗೊತ್ತು. ಮಾದಮ್ಮ ಮಲಗಿದ್ದ ಮನೆಯಲ್ಲೂ ಅದೇ ವಾಸನೆ ಇತ್ತು, ಜಜ್ಜಿದ ಬೇವಿನದು.

ನಾನು ಲಿಖಿತಾಳ ತೋಳು ಹಿಡಿದು ನೋಡಿದೆ. ಅಮ್ಮನ ಮುತ್ತು ಎನ್ನುವ ಗುಳ್ಳೆ ಹೀಗಿರುವುದಿಲ್ಲ. ಅಮ್ಮ ನಡೆದುಕೊಂಡು ಬರುತ್ತಾಳೆ. ಇವತ್ತು ಒಂದೆರಡು ಕಾಣಿಸಿ, ನಾಳೆ ನಾಲ್ಕು ಎದ್ದು, ನೀರು ತುಂಬಿ, ಬಾಡಿ, ಇಳಿಯುತ್ತಾಳೆ. ದಡಾರವಾದರೂ ಮುಖದಿಂದ ಕೆಳಕ್ಕೆ ಇಳಿಯಲು ದಿನ ಬೇಕು. ಇದು ಕಂಬಳಿಹುಳ ಹರಿದಂತೆ ದಪ್ಪದಪ್ಪ ದದ್ದು. ಒಂದಕ್ಕೊಂದು ಕೂಡಿಕೊಂಡು ಹರಡುತ್ತಿತ್ತು.

ಇಂಥದೇ ದದ್ದನ್ನು ಇದೇ ಮೈಯ ಮೇಲೆ ನಾನು ನೋಡಿದ್ದೆ. ಮನಸ್ಸಿನ ಮೂಲೆಯಲ್ಲಿ ಮಿಸುಕಿದ್ದು ಅದೇ. ಆಗ ಲಿಖಿತಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಕಿವಿ ಸೋರುತ್ತಿತ್ತು. ಯಾವುದೋ ಸಿಹಿ ಔಷಧಿ ಕುಡಿಸಿದ್ದೆವು. ಮಾರನೆಯ ದಿನ ಮೈಯೆಲ್ಲ ಹೀಗೇ ಎದ್ದಾಗ ಅಮ್ಮ ಎಂದರು. ಅಮ್ಮ ಮನೆಯಲ್ಲಿರುವಾಗ ಔಷಧಿ ಕೂಡದೆಂದು ಬಾಟಲಿಯನ್ನು ತೊಲೆಯ ಮೇಲಿಟ್ಟರು. ದದ್ದು ಇಳಿಯಿತು. ಅಮ್ಮ ಒಲಿದಳು ಎಂದುಕೊಂಡೆವು. ಅಮ್ಮ ಬಂದಿದ್ದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಔಷಧಿಯಿಂದ ತೊಂದರೆ ಆಗಿತ್ತಾ ಎಂದು ಕೇಳಿದರೆ ಆ ಹುಡುಗಿ ಏನು ಹೇಳಬೇಕು?

"ಅಜ್ಜಿ" ಎಂದಳು ಲಿಖಿತಾ. ದನಿ ಅವಳದಾಗಿರಲಿಲ್ಲ. ಬಾಯಿಯಲ್ಲಿ ಬಟ್ಟೆ ತುರುಕಿದಂತಿತ್ತು. ತುಟಿ ಊದಿತ್ತು, ಕಣ್ಣಿನ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. "ಗಂಟ್ಲು... ಬಿಗೀತಿದೆ." ಉಸಿರು ಒಳಗೆ ಹೋಗುವಾಗ ಸುಂಯ್ ಎಂದಿತು.

ಮಾದಮ್ಮನ ಉಸಿರೂ ಸುಂಯ್ ಎಂದಿತ್ತು. ಅಮ್ಮ ಹಾಡುತ್ತಾಳೆ ಎಂದಿದ್ದರು.

"ಜಗನ್, ಆಟೋ ತಿರುಗ್ಸಪ್ಪ" ಎಂದೆ.

ದೇವೀರಮ್ಮ ಬಾಗಿಲಿಗೆ ಅಡ್ಡ ಬಂದಳು. "ಎಲ್ಗೆ? ಅಕ್ಕ, ನಿಮ್ಗೇನು ಬುದ್ಧಿ ಗಿದ್ಧಿ ಕೆಟ್ಟದಾ? ಮೈಮ್ಯಾಲೆ ಅಮ್ಮ ಇರೋಳ್ನ ಒಸ್ಲು ದಾಟುಸ್ತೀರಾ? ನನ್ ಮನೇಲಿ ಕೂಸದೆ."

"ಇದು ಅಮ್ಮ ಅಲ್ಲ ಕಣ್ತಾಯಿ."

"ಅನ್ಬೇಡಿ! ನಾಲ್ಗೆ ಬಿದ್ದೋಯ್ತದೆ!"

"ಬಿದ್ದೋಗ್ಲಿ. ತಪ್ಪಾಗಿದ್ರೆ ಆ ಅಮ್ಮ ನನ್ನ ಕಣ್ಣು ಕಿತ್ಕೊಳ್ಳಲಿ, ನಿನ್ ಮನೆಗೆ ಬರೋದು ಬ್ಯಾಡ. ಇದು ಮಾತ್ರೆ. ಮಾತ್ರೆ ಇವಳ ಮೈಗೆ ಒಗ್ತಿಲ್ಲ. ನನ್ ತಂಗೀನ ಇಂಗೇ ಮಲಗ್ಸಿಕೊಂಡು ಕೂತಿದ್ದೊ ದೇವೀರಮ್ಮ. ಬೇವು ಬೀಸ್ತಾ ಕೂತಿದ್ದೊ."

ಅವಳು ಅಲುಗಲಿಲ್ಲ. ಜಗನ್ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಒಳಗೆ ಲಿಖಿತಾ ಏಳಲು ಹೋಗಿ ಗೋಡೆ ಹಿಡಿದು ಕುಸಿದಳು. ಆಗ ನಾನು ಮಾಡಬಾರದ್ದನ್ನು ಮಾಡಿದೆ. ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಕೊಂಬೆ ಕಿತ್ತು ಅಂಗಳಕ್ಕೆ ಎಸೆದೆ. ಅದು ನೆಲಕ್ಕೆ ಬಿದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ದೇವೀರಮ್ಮ ಕಿಟಾರನೆ ಕಿರುಚಿದಳು. ಮರುಕ್ಷಣವೇ, ಏಕೋ ಏನೋ, ಅವಳೇ ಓಡಿ ಹೋಗಿ ಆಟೋಗೆ ಹೊರಲು ಸೊಸೆಯ ಕಾಲು ಎತ್ತಿ ಹಿಡಿದಳು. ನಾನು ಉಳಿದ ಮಾತ್ರೆಗಳಿದ್ದ ಹಾಳೆಯನ್ನು ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡೆ.

ಆಟೋದ ಹಿಂದೆ ಹಿಂಡಿಯ ಧೂಳಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಲುವೆ ಏರಿಯ ಮೇಲೆ ಹೋಗುವಾಗ ಅವಳ ಉಗುರು ನೀಲಿಯಾಗಿತ್ತು. ಜಗನ್ ಈಗ ನಗಿಸಲಿಲ್ಲ. ದೇವೀರಮ್ಮ ಕಣ್ಣು ಮುಚ್ಚಿಕೊಂಡು, "ತಪ್ಪಾಯ್ತು ತಾಯಿ, ತಂಬಿಟ್ಟು ಮಾಡ್ತೀನಿ, ತಪ್ಪಾಯ್ತು ತಾಯಿ" ಎನ್ನುತ್ತಲೇ ಇದ್ದಳು. ಆ ತಪ್ಪು ಯಾರದೆಂದು ನಾನು ಕೇಳಲಿಲ್ಲ.

ನರಸೀಪುರದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಅವರು ಮೊದಲು ಕೇಳಿದ್ದು, "ಏನ್ ತಗೊಂಡ್ರು?" ನಾನು ಚೀಲದಿಂದ ಹಾಳೆ ತೆಗೆದು ಕೈಗಿಟ್ಟೆ. ಅದನ್ನು ನೋಡಿದವರೇ ತೊಡೆಗೆ ಸೂಜಿ ಹಾಕಿದರು. ಮೂಗಿಗೆ ಗಾಳಿ ಇಟ್ಟರು. ಸೂಜಿ ಕಂಡು ನನಗೆ ಮಾದಮ್ಮನಿಗೆ ಹಾಕಿದ ಸೂಜಿ ನೆನಪಾಯಿತು. ಆದರೆ ಈ ಸೂಜಿ ಬೇರೆ. ಸ್ವಲ್ಪ ಹೊತ್ತಿನಲ್ಲಿ ಆ ಸುಂಯ್ ಎನ್ನುವುದು ಸಣ್ಣದಾಗುತ್ತ ಬಂತು.

"ಪೆನಿಸಿಲಿನ್ ಜಾತಿ ಮಾತ್ರೆ ಅಜ್ಜಿ. ಬಹಳ ಜನಕ್ಕೆ ಏನೂ ಆಗಲ್ಲ, ಒಳ್ಳೇದೇ ಮಾಡುತ್ತೆ. ಇವ್ರಿಗೆ ಒಗ್ಗಿಲ್ಲ. ಮೊದ್ಲು ಯಾವಾಗ್ಲಾದ್ರೂ ಹೀಗಾಗಿತ್ತಾ?"

ಕಿವಿ ಸೋರಿದ್ದು, ಸಿಹಿ ಔಷಧಿ, ಎದ್ದ ದದ್ದು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಇನ್ಮೇಲೆ ಯಾವ ಡಾಕ್ಟರ್ ಹತ್ರ ಹೋದ್ರೂ, ಹಲ್ಲು ಕೀಳ್ಸಕ್ಕೆ ಹೋದ್ರೂ, ಇದನ್ನ ಮೊದ್ಲು ಹೇಳ್ಬೇಕು. ಉಳಿದಿರೋ ಮಾತ್ರೆ ಇವ್ರೂ ನುಂಗ್ಬಾರ್ದು, ಜ್ವರ ಅಂತ ಇನ್ಯಾರಿಗೂ ಕೊಡ್ಬಾರ್ದು. ಎದೆ ಬಾವಿಗೆ ಬೇರೆ ಜಾತಿದು ಕೊಡ್ತೀವಿ, ಹೆದ್ರಿ ಅದನ್ನ ಬಿಡೋ ಹಾಗಿಲ್ಲ. ಇವತ್ತು ಇಲ್ಲೇ ಇರ್ಲಿ. ಇಳಿದದ್ದು ಒಂದೊಂದ್ಸಲ ಮತ್ತೆ ಏರುತ್ತೆ."

ಅವರು ಹೊರಟಾಗ ನಾನು ಹಿಂದೆ ಹೋದೆ. "ಸಾ, ಇದೇ ಔಷಧಿ ಸೂಜೀಲೂ ಬತ್ತಿತ್ತಾ? ಆಗಿನ ಕಾಲ್ದಲ್ಲಿ?"

"ಬರ್ತಿತ್ತು. ಗಾಯ, ಕೀವು ಅಂದ್ರೆ ಅದನ್ನೇ ಚುಚ್ತಿದ್ರು. ಯಾಕಜ್ಜಿ?"

"ಏನಿಲ್ಲ ಸಾ."

ಫ್ಯಾಕ್ಟರಿಯಿಂದ ಓಡಿಬಂದ ಮಧುಕುಮಾರ್ ಹೆಂಡತಿಯ ಕಾಲ ಬಳಿ ನಿಂತಿದ್ದ. ದೇವೀರಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಸೆರಗಿನ ತುದಿಯಲ್ಲಿ ಬೇವಿನ ನಾಲ್ಕು ಎಲೆ ಇನ್ನೂ ಅಂಟಿಕೊಂಡಿದ್ದವು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು:

"ಅಕ್ಕ, ನಿಮ್ಮ ತಂಗಿ ಅಂದ್ರಲ್ಲ. ಅವಳ್ಗೆ ಬಂದದ್ದೂ ಅಮ್ಮ ಅಲ್ವಾ?"

ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ನಾನು ಲಿಖಿತಾಳ ಮೂಗಿನ ಬಳಿ ಬೆರಳಿಟ್ಟೆ. ಉಸಿರು ಬಂತು, ಹೋಯಿತು. ಒಂದೊಂದ್ಸಲ ಮತ್ತೆ ಏರುತ್ತೆ ಎಂದಿದ್ದರಲ್ಲ ಡಾಕ್ಟರು, ಬೆರಳು ತೆಗೆಯಲಿಲ್ಲ.